ತಲೆದೂಗುವ ಆನೆ ಕುಣಿಯುತ್ತಿಲ್ಲ

ಶ್ರೀಲಂಕಾದಲ್ಲಿ ಹುಟ್ಟಿದ ಕಾವನ್ ಎಂಬ ಗಂಡಾನೆಯನ್ನು 1985ರಲ್ಲಿ, ಅವನಿನ್ನೂ ಮರಿಯಾಗಿದ್ದಾಗಲೇ, ಪಾಕಿಸ್ತಾನಕ್ಕೆ ಉಡುಗೊರೆಯಾಗಿ ಕಳಿಸಿದರು. ಮುಂದಿನ 35 ವರ್ಷ ಅವನು ಕಳೆದದ್ದು ಇಸ್ಲಾಮಾಬಾದಿನ ಮರ್ಘಜಾರ್ ಮೃಗಾಲಯದಲ್ಲಿ. ಬಾಂಗ್ಲಾದೇಶದಿಂದ ತಂದ ಸಹೇಲಿ ಎಂಬ ಹೆಣ್ಣಾನೆ ಹಲವು ವರ್ಷ ಜೊತೆಗಿದ್ದಳು. 2012ರಲ್ಲಿ ಅವಳೂ ಸತ್ತಳು. ಆಮೇಲೆ ಕಾವನ್ ಒಬ್ಬನೇ.

ಅವನನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಟಿಕೆಟ್ ಕೊಂಡು ಬಂದವರೆಲ್ಲ ನೋಡಿದರು, ಫೋಟೊ ತೆಗೆದರು, ಮನೆಗೆ ಹೋದರು. ಅವನ ಸಂಕಟ ಹೆಚ್ಚಿನವರ ಕಣ್ಣಿಗೆ ಬೀಳಲೇ ಇಲ್ಲ, ಏಕೆಂದರೆ ಸಂಕಟ ಯಾವುದು, ನೆಮ್ಮದಿ ಯಾವುದು ಎಂದು ಆನೆಯ ಮೈಯಿಂದ ಓದಲು ನಮಗೆ ಬರುವುದಿಲ್ಲ. ನಮ್ಮೂರ ಮೃಗಾಲಯಗಳಲ್ಲೂ ದೇವಸ್ಥಾನಗಳಲ್ಲೂ ಆನೆಯೆದುರು ನಿಂತು ನಾವು ಆಡುವ ಮಾತುಗಳನ್ನು ಒಮ್ಮೆ ಪರೀಕ್ಷಿಸಿ ನೋಡಬೇಕು.

“ನೋಡು ಪುಟ್ಟಾ, ಆನೆ ಹೇಗೆ ಕುಣೀತಿದೆ!”

ಕಾಲು ಊರಿದಲ್ಲೇ ಇರುತ್ತದೆ. ತಲೆ ಮತ್ತು ಸೊಂಡಿಲು ಮಾತ್ರ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಐದು ನಿಮಿಷ ಅಲ್ಲೇ ನಿಂತು ಗಮನಿಸಿ. ಅದೇ ಅಳತೆ, ಅದೇ ಲಯ. ಜನ ಬಂದರೂ ಹೋದರೂ ಬದಲಾವಣೆಯಿಲ್ಲ. ಉಲ್ಲಾಸದಲ್ಲಿರುವ ಆನೆ ಹೀಗಿರುವುದಿಲ್ಲ. ಅದು ಕಿವಿ ಅಗಲಿಸುತ್ತದೆ, ಸೊಂಡಿಲೆತ್ತಿ ಗಾಳಿಯಲ್ಲಿ ವಾಸನೆ ಹಿಡಿಯುತ್ತದೆ, ಮಣ್ಣು ಎರಚಿಕೊಳ್ಳುತ್ತದೆ, ಜೊತೆಯ ಆನೆಯ ಬಾಯಿಗೆ ಸೊಂಡಿಲಿಡುತ್ತದೆ. ಗುರಿಯಿಲ್ಲದ ಈ ತೂಗಾಟ ಕಾಡಿನಲ್ಲಿ ಸ್ವತಂತ್ರವಾಗಿರುವ ಆನೆಗಳಲ್ಲಿ ಕಾಣುವಂಥದ್ದಲ್ಲ. ಸರಪಳಿ, ಒಂಟಿತನ ಮತ್ತು ಮಾಡಲು ಏನೂ ಇಲ್ಲದ ದಿನಗಳು ಇದನ್ನು ಹುಟ್ಟಿಸುತ್ತವೆ. ಒಮ್ಮೆ ಅಂಟಿಕೊಂಡರೆ ಸರಪಳಿ ಬಿಚ್ಚಿದ ಮೇಲೂ ಬೇಗ ಬಿಡುವುದಿಲ್ಲ. ಕಾವನ್ ಗಂಟೆಗಟ್ಟಲೆ ಹೀಗೆ ತೂಗುತ್ತಾ ನಿಂತಿರುತ್ತಿದ್ದ.

“ಗುಂಡುಗುಂಡಾಗಿದೆ, ಹೊಟ್ಟೆಗೇನೂ ಕಮ್ಮಿ ಮಾಡಿಲ್ಲ”

ಕಾವನ್‌ಗೆ ಕಬ್ಬಿನ ಕೊರತೆಯೇ ಇರಲಿಲ್ಲ. ಫೋರ್ ಪಾಸ್ ಎಂಬ ಪ್ರಾಣಿ ಕಲ್ಯಾಣ ಸಂಸ್ಥೆಯ ಪಶುವೈದ್ಯ ಅಮೀರ್ ಖಲೀಲ್ ಅವರ ತಂಡ 2020ರಲ್ಲಿ ಪರೀಕ್ಷಿಸಿದಾಗ ಅವನ ಮೈಯಲ್ಲಿ ಬೊಜ್ಜೂ ಇತ್ತು, ಅಪೌಷ್ಟಿಕತೆಯ ಲಕ್ಷಣಗಳೂ ಇದ್ದವು. ಹುಲ್ಲು, ತೊಗಟೆ, ಬಿದಿರು, ಸೊಪ್ಪುಗಳನ್ನು ದಿನದ ಬಹುಪಾಲು ಹೊತ್ತು ನಡೆಯುತ್ತಾ ತಿನ್ನಬೇಕಾದ ಪ್ರಾಣಿಗೆ ನಿಂತಲ್ಲೇ ಸಿಹಿ ಸುರಿದರೆ ಆಗುವುದೇ ಹೀಗೆ. ಮೇವು ಬದಲಿಸಿ, ನಡೆಸಿ, ಸುಮಾರು ಅರ್ಧ ಟನ್ ತೂಕ ಇಳಿಸಿದರು.

ನೋಡಬೇಕಾದದ್ದು ಹೊಟ್ಟೆಗಿಂತ ಮೊದಲು ಪಾದ. ಆನೆಯ ಅಂಗಾಲಿನೊಳಗೆ ಕೊಬ್ಬಿನ ದಪ್ಪ ಮೆತ್ತೆಯಿದೆ. ಭಾರ ಬಿದ್ದಾಗ ಅದು ಹರಡುತ್ತದೆ, ಕಾಲೆತ್ತಿದಾಗ ಕುಗ್ಗುತ್ತದೆ. ಮಣ್ಣು, ಕಲ್ಲುಗಳ ಮೇಲೆ ದಿನವೂ ಮೈಲಿಗಟ್ಟಲೆ ನಡೆಯುವ ಆನೆಯ ಅಂಗಾಲಿನ ಚರ್ಮ ಮತ್ತು ಉಗುರು ತಾವಾಗಿಯೇ ಸವೆದು ಹದದಲ್ಲಿರುತ್ತವೆ. ಸಿಮೆಂಟ್ ನೆಲದಲ್ಲಿ, ತನ್ನದೇ ಮೂತ್ರ ಮತ್ತು ಲದ್ದಿಯ ತೇವದಲ್ಲಿ ನಿಂತ ಆನೆಯ ಉಗುರು ಉದ್ದ ಬೆಳೆದು ಸೀಳುತ್ತದೆ, ಸೀಳಿನಲ್ಲಿ ಕೀವಾಗುತ್ತದೆ. ಸೋಂಕು ಎಲುಬಿಗಿಳಿದರೆ ಉಳಿಸುವುದು ಕಷ್ಟ. ಸೆರೆಯಲ್ಲಿರುವ ಆನೆಗಳ ಜೀವ ತೆಗೆಯುವ ದೊಡ್ಡ ಕಾರಣಗಳಲ್ಲಿ ಪಾದರೋಗವೂ ಒಂದು. ಕಾವನ್‌ನ ಉಗುರುಗಳೂ ಬಿರುಕು ಬಿಟ್ಟಿದ್ದವು.

“ಕಾಡಿಗಿಂತ ಇಲ್ಲೇ ಹೆಚ್ಚು ಕಾಲ ಬದುಕುತ್ತವೆ”

ಯುರೋಪಿನ ಮೃಗಾಲಯಗಳ ದಾಖಲೆ ಇಟ್ಟುಕೊಂಡು ನಡೆದ ಅಧ್ಯಯನವೊಂದು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಮೃಗಾಲಯದಲ್ಲೇ ಹುಟ್ಟಿದ ಏಷ್ಯಾದ ಹೆಣ್ಣಾನೆಗಳ ಮಧ್ಯಾಂಕ ಆಯುಷ್ಯ 18.9 ವರ್ಷ, ಮ್ಯಾನ್ಮಾರಿನ ಕಾಡುಗಳಲ್ಲಿ ಮರದ ದಿಮ್ಮಿ ಎಳೆಯುವ ಆನೆಗಳದ್ದು 41.7 ವರ್ಷ. ದುಡಿಸಿಕೊಂಡ ಆನೆಗಳೇ ಎರಡು ಪಟ್ಟಿಗೂ ಹೆಚ್ಚು ಬದುಕಿವೆ! ಕೆಲಸ ಮುಗಿದ ಮೇಲೆ ಅವುಗಳನ್ನು ಕಾಡಿಗೆ ಮೇಯಲು ಬಿಡುತ್ತಾರೆ, ಅಲ್ಲಿ ಬೇರೆ ಆನೆಗಳ ಸಹವಾಸ ಸಿಗುತ್ತದೆ.

“ಸಲಗ ಒಂಟಿಯಾಗಿರೋದು ಸಹಜ ತಾನೆ?”

ಗಂಡುಮರಿ ಹತ್ತು ಹದಿನೈದು ವರ್ಷ ತಾಯಿಯ ಹಿಂಡಿನಲ್ಲೇ ಬೆಳೆಯುತ್ತದೆ. ಹಿಂಡು ಬಿಟ್ಟ ಮೇಲೂ ಬೇರೆ ಗಂಡಾನೆಗಳ ಜೊತೆ ಸೇರುತ್ತದೆ, ಹಿರಿಯ ಸಲಗಗಳನ್ನು ನೋಡಿ ಕಲಿಯುತ್ತದೆ. ದಕ್ಷಿಣ ಭಾರತದ ಹೊಲಗದ್ದೆಗಳ ಸೀಮೆಯಲ್ಲಿ ಎಳೆಯ ಸಲಗಗಳು ಗುಂಪು ಕಟ್ಟಿಕೊಂಡು ವರ್ಷಗಟ್ಟಲೆ ಒಟ್ಟಿಗಿರುವುದನ್ನು 2019ರ ಅಧ್ಯಯನವೊಂದು ದಾಖಲಿಸಿದೆ. ಕಾಡಿನ ಸಲಗ ಒಂಟಿಯಾಗಿ ನಡೆಯುವುದು ತಾನೇ ಬಯಸಿದಾಗ. ಕಾವನ್‌ಗೆ ಆ ಆಯ್ಕೆ ಇರಲಿಲ್ಲ.

“ಈ ವಯಸ್ಸಲ್ಲಿ ಜಾಗ ಬದಲಿಸಿದರೆ ಸತ್ತೇ ಹೋಗುತ್ತೆ”

ನಿರ್ಲಕ್ಷ್ಯವನ್ನು ಮುಂದುವರಿಸಲು ಇದಕ್ಕಿಂತ ಸುಲಭದ ನೆಪ ಇನ್ನೊಂದಿಲ್ಲ. ಸಾಗಣೆಯಲ್ಲಿ ಅಪಾಯ ಇದ್ದೇ ಇದೆ. ಮರ್ಘಜಾರ್‌ನಿಂದಲೇ 2020ರ ಜುಲೈನಲ್ಲಿ ಎರಡು ಸಿಂಹಗಳನ್ನು ಸಾಗಿಸಲು ಹೋಗಿ, ಬೋನಿಗೆ ಓಡಿಸಲೆಂದು ಬೆಂಕಿ ಹಚ್ಚಿದರು; ಎರಡೂ ಸತ್ತವು. ಕಾವನ್‌ನ ವಿಷಯದಲ್ಲಿ ಹಾಗಾಗಲಿಲ್ಲ. ಖಲೀಲ್ ತಿಂಗಳುಗಟ್ಟಲೆ ಅವನ ಬಳಿಯೇ ಇದ್ದರು, ಹಾಡು ಹೇಳುತ್ತಾ ಸ್ನೇಹ ಬೆಳೆಸಿದರು, ಸಾಗಣೆಯ ಪೆಟ್ಟಿಗೆಯೊಳಗೆ ತಾನಾಗಿಯೇ ಹೋಗಿ ಬರುವುದನ್ನು ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿದರು. ಆ ವರ್ಷ ನವೆಂಬರ್ 30ರಂದು ಸರಕು ವಿಮಾನದಲ್ಲಿ ಕಾಂಬೋಡಿಯಾ ತಲುಪಿದ 35 ವರ್ಷದ ಕಾವನ್, ಅಲ್ಲಿನ ಅಭಯಾರಣ್ಯದ ಬೇಲಿಯಾಚೆಗಿದ್ದ ಇನ್ನೊಂದು ಆನೆಯ ಸೊಂಡಿಲಿಗೆ ತನ್ನ ಸೊಂಡಿಲು ತಾಗಿಸಿದ. ಎಂಟು ವರ್ಷಗಳ ನಂತರ ಅವನಿಗೆ ಸಿಕ್ಕ ಮೊದಲ ಆನೆಯ ಸ್ಪರ್ಶ ಅದು.

ನಮ್ಮಲ್ಲೇ ಉದಾಹರಣೆಯಿದೆ. ಕೊಲ್ಹಾಪುರದ ಜ್ಯೋತಿಬಾ ದೇವಸ್ಥಾನದ ಆನೆ ಸುಂದರ್‌ನನ್ನು ಕೋರ್ಟ್ ಆದೇಶದ ಮೇರೆಗೆ 2014ರಲ್ಲಿ ನಮ್ಮ ಬನ್ನೇರುಘಟ್ಟಕ್ಕೆ ಕರೆತಂದರು. ಸರಪಳಿ ಕಳಚಿದ ಸುಂದರ್ ಬೇರೆ ಆನೆಗಳ ಜೊತೆ ಹೊಂದಿಕೊಂಡ.

“ನಾವು ಕೇಳಿದರೆ ಯಾರು ಕೇಳುತ್ತಾರೆ?”

ಕಾವನ್‌ಗಾಗಿ ಮೊದಲು ದನಿಯೆತ್ತಿದವರು ಅವನನ್ನು ನೋಡಿ ಸುಮ್ಮನಿರಲಾಗದ ಸಾಮಾನ್ಯ ಜನ. ಸಹಿ ಸಂಗ್ರಹವಾಯಿತು, ಪತ್ರಿಕೆಗಳು ಬರೆದವು, ಗಾಯಕಿ ಶೇರ್ ಬೆನ್ನಿಗೆ ನಿಂತರು. 2020ರ ಮೇ ತಿಂಗಳಲ್ಲಿ ಇಸ್ಲಾಮಾಬಾದ್ ಹೈಕೋರ್ಟ್, ಪ್ರಾಣಿಗಳಿಗೂ ಕಾನೂನಿನ ಹಕ್ಕುಗಳಿವೆ ಎಂದು ಹೇಳಿ ಅವನನ್ನು ಯೋಗ್ಯ ಜಾಗಕ್ಕೆ ಕಳಿಸಲು ಆದೇಶಿಸಿತು.

ಎಲ್ಲ ಸಲವೂ ಗೆಲುವು ಸಿಗುವುದಿಲ್ಲ. ದೆಹಲಿ ಮೃಗಾಲಯದ ಆಫ್ರಿಕನ್ ಆನೆ ಶಂಕರ್ 2001ರಲ್ಲಿ ಜೊತೆಗಾತಿ ಸತ್ತಂದಿನಿಂದ ಒಂಟಿಯಾಗಿದ್ದ. ಅವನನ್ನು ಬೇರೆಡೆಗೆ ಕಳಿಸಿ ಎಂದು ಹಾಕಿದ ಅರ್ಜಿಯನ್ನು 2023ರಲ್ಲಿ ಹೈಕೋರ್ಟ್ ಪುರಸ್ಕರಿಸಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ, 29ನೇ ವಯಸ್ಸಿಗೆ, ಅದೇ ಆವರಣದಲ್ಲಿ ಸತ್ತ. ಮೃಗಾಲಯಗಳ ಆನೆಗಳನ್ನು ಅರಣ್ಯ ಇಲಾಖೆಯ ಶಿಬಿರಗಳಿಗೆ ಕಳಿಸಬೇಕೆಂದು ಕೇಂದ್ರ ಮೃಗಾಲಯ ಪ್ರಾಧಿಕಾರ 2009ರಲ್ಲೇ ಸೂಚಿಸಿತ್ತು. ಆ ಸೂಚನೆ ಜಾರಿಯಾಗಿದ್ದರೆ ಶಂಕರ್‌ನ ಕಡೆಯ ವರ್ಷಗಳು ಬೇರೆಯಾಗಿರುತ್ತಿದ್ದವು ಎಂದೇ ನನ್ನ ನಂಬಿಕೆ.

ಹಾಗಾಗಿ ಕೇಳುವವರು ಇನ್ನೂ ಹೆಚ್ಚಬೇಕು. ಮೃಗಾಲಯದಲ್ಲಿ ತಲೆದೂಗುವ ಆನೆ ಕಂಡರೆ ವಿಡಿಯೊ ಮಾಡಿ, ದಿನಾಂಕ ಮತ್ತು ಹೊತ್ತು ಬರೆದಿಟ್ಟುಕೊಳ್ಳಿ. ಮಾವುತನ ಮೇಲೆ ಕೂಗಾಡಬೇಡಿ. ಅವನ ಸಂಬಳ, ಅವನ ಸೌಲಭ್ಯ ಅವನ ಕೈಯಲ್ಲಿಲ್ಲ. ಸರ್ಕಾರಿ ಮೃಗಾಲಯವಾದರೆ ಮಾಹಿತಿ ಹಕ್ಕಿನಡಿ ₹10 ಶುಲ್ಕ ಕಟ್ಟಿ ಅರ್ಜಿ ಹಾಕಿ. ದಿನಕ್ಕೆ ಎಷ್ಟು ಗಂಟೆ ಸರಪಳಿ ಹಾಕಿರುತ್ತೀರಿ? ಯಾವ ನೆಲದ ಮೇಲೆ? ಜೊತೆಗೆ ಇನ್ನೊಂದು ಆನೆ ಇದೆಯೇ? ಪಾದ ಪರೀಕ್ಷೆ ಕಡೆಯದಾಗಿ ಯಾವಾಗ ಆಯಿತು, ವರದಿಯ ಪ್ರತಿ ಕೊಡಿ. 30 ದಿನಗಳೊಳಗೆ ಅವರು ಲಿಖಿತ ಉತ್ತರ ಕೊಡಬೇಕು. ಆ ಉತ್ತರವನ್ನು ಕೇಂದ್ರ ಮೃಗಾಲಯ ಪ್ರಾಧಿಕಾರಕ್ಕೆ ಬರೆಯುವ ದೂರಿನ ಜೊತೆ ಲಗತ್ತಿಸಿ.