ನಾಳೆಯ ಜೆಟ್ಟಿಗೆ ಹತ್ತಿರದ ಹಾಸಿಗೆ

ಅಂಡಮಾನಿಗೆ ಹೊರಡುವ ಮೊದಲು ನಮ್ಮ ಮನೆಯಲ್ಲಿ ಎರಡು ಪಕ್ಷಗಳಾಗಿದ್ದವು. ನನಗೆ ಕಿಟಕಿ ತೆರೆದರೆ ಸಮುದ್ರ ಕಾಣಬೇಕು. ನಮ್ಮವರಿಗೆ ನಲ್ಲಿ ತಿರುಗಿಸಿದರೆ ಬಿಸಿನೀರು ಬರಬೇಕು. ಹತ್ತು ದಿನದಲ್ಲಿ ಐದಾರು ದ್ವೀಪ, ಅರ್ಧ ದಾರಿ ನೀರಿನ ಮೇಲೆ, ಅರ್ಧ ಟ್ಯಾಕ್ಸಿಯಲ್ಲಿ. ಎಲ್ಲಿ ಉಳಿಯುವುದೆಂದು ವಾರಗಟ್ಟಲೆ ಮೊಬೈಲ್ ಉಜ್ಜಿದ್ದೇ ಉಜ್ಜಿದ್ದು. ಅಲ್ಲಿ ಹೋಗಿ ಎರಡು ರಾತ್ರಿ ಕಳೆಯುವಷ್ಟರಲ್ಲಿ ಇಬ್ಬರ ವಾದವೂ ಬಿದ್ದುಹೋಯಿತು. ಈ ದ್ವೀಪಗಳಲ್ಲಿ ಇವತ್ತು ಎಲ್ಲಿ ಮಲಗಬೇಕು ಅನ್ನುವುದನ್ನು ಕಿಟಕಿಯೂ ಹೇಳುವುದಿಲ್ಲ, ನಲ್ಲಿಯೂ ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಯಾವ ಜೆಟ್ಟಿಯಲ್ಲಿ, ಯಾವ ಗೇಟಿನ ಎದುರು ನಿಂತಿರಬೇಕು ಅನ್ನುವುದು ಹೇಳುತ್ತದೆ.

ಮೊದಲು ಗಡಿಯಾರದ ಮಾತು. ಅಂಡಮಾನ್ ಇರುವುದು ಮ್ಯಾನ್ಮಾರಿಗೆ ಹತ್ತಿರ, ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಅಲ್ಲಿ ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಜೂನ್ ತಿಂಗಳಲ್ಲಿ ಬೆಳಿಗ್ಗೆ ಐದಕ್ಕೂ ಮೊದಲೇ ಎದ್ದು ಕೂತಿರುತ್ತಾನೆ. ಒಂಬತ್ತಕ್ಕೆ ತಿಂಡಿ, ಹನ್ನೊಂದಕ್ಕೆ ಹೊರಡೋಣ ಅನ್ನುವ ಬೆಂಗಳೂರಿನ ರಜೆಯ ಲೆಕ್ಕ ಹಾಕಿದವರಿಗೆ ಉಳಿಯುವುದು ಅರ್ಧ ದಿನ. ಬೀಚಿನಿಂದ ಹತ್ತು ಕಿಲೋಮೀಟರ್ ದೂರದಲ್ಲಿ ಚಂದದ ಕೋಣೆ ಹಿಡಿದರೆ ಆ ಅರ್ಧದಲ್ಲೂ ಒಂದು ಪಾಲು ರಸ್ತೆಗೆ ಹೋಗುತ್ತದೆ.

ಎಲ್ಲ ದಾರಿಗಳೂ ಶುರುವಾಗುವುದು ಪೋರ್ಟ್ ಬ್ಲೇರಿನಿಂದ. 2024ರ ಸೆಪ್ಟೆಂಬರಿನಲ್ಲಿ ಅದಕ್ಕೆ ಶ್ರೀ ವಿಜಯಪುರಂ ಎಂದು ಹೊಸ ಹೆಸರಿಟ್ಟಿದ್ದಾರೆ, ಆಟೋದವರ ಬಾಯಲ್ಲಿ ಇನ್ನೂ ಹಳೆಯದೇ. ಬಂದ ದಿನ ಸೆಲ್ಯುಲರ್ ಜೈಲು ನೋಡುತ್ತೀರಿ, ಮರುದಿನ ಬೆಳಿಗ್ಗೆ ಹಡಗು ಹತ್ತುತ್ತೀರಿ. ಅಷ್ಟಕ್ಕೆ ಅಬರ್ಡೀನ್ ಬಜಾರಿನ ಆಸುಪಾಸಿನ ಸಾಧಾರಣ ಲಾಡ್ಜು ಸಾಕು. ಜೈಲಿಗೂ ಹತ್ತಿರ, ದ್ವೀಪಗಳಿಗೆ ಹೋಗುವ ಫೆರಿಗಳು ನಿಲ್ಲುವ ಫೀನಿಕ್ಸ್ ಬೇ ಜೆಟ್ಟಿಗೂ ಹತ್ತಿರ. ವಂಡೂರು, ಚಿಡಿಯಾ ಟಾಪು ಕಡೆಯ ಹಸಿರಿನ ನಡುವಿನ ರೆಸಾರ್ಟುಗಳ ಚಿತ್ರ ನೋಡಿದರೆ ಮನಸ್ಸು ಜಾರುತ್ತದೆ, ನಿಜ. ಬೆಳಗಿನ ಆರೂವರೆಯ ಫೆರಿ ಇದ್ದವರು ಆ ಮೋಹಕ್ಕೆ ಬೀಳಬಾರದು. ಆ ದಿಕ್ಕಿಗೆ ಹೋಗುವಾಗ ಸಿಪ್ಪಿಘಾಟಿನ ಬಳಿ ರಸ್ತೆ ಪಕ್ಕದ ನೀರನ್ನು ಮಾತ್ರ ಒಮ್ಮೆ ನಿಂತು ನೋಡಿ. ಒಂದು ಕಾಲಕ್ಕೆ ಗದ್ದೆಯಾಗಿದ್ದ ಜಾಗ ಅದು. 2004ರ ಡಿಸೆಂಬರಿನ ಭೂಕಂಪದಲ್ಲಿ ಪೋರ್ಟ್ ಬ್ಲೇರಿನ ಸುತ್ತಲ ನೆಲ ಸುಮಾರು ಒಂದು ಮೀಟರ್ ತಗ್ಗಿತು. ಒಳಗೆ ಬಂದ ಸಮುದ್ರ ಹಿಂತಿರುಗಲೇ ಇಲ್ಲ. ಅದೇ ಭೂಕಂಪ ಉತ್ತರ ಅಂಡಮಾನಿನ ನೆಲವನ್ನು ಮೇಲೆತ್ತಿತು.

ನಮ್ಮವರ ಪರ್ಸಿನ ಮೂಲೆಯಲ್ಲಿ ಹಳೆಯ ಕೆಂಪು ಇಪ್ಪತ್ತರ ನೋಟೊಂದು ಇತ್ತು. ಅದರ ಹಿಂಬದಿಯ ತೆಂಗಿನ ಮರಗಳು, ಕಡಲು, ದೀಪಸ್ತಂಭದ ಚಿತ್ರ ಇಲ್ಲಿನದೇ. ಮೌಂಟ್ ಹ್ಯಾರಿಯೆಟ್ ಎಂದು ಹೆಸರಾಗಿದ್ದ, ಈಗ ಮೌಂಟ್ ಮಣಿಪುರ ಎನ್ನುವ ಬೆಟ್ಟದ ದಾರಿಯಿಂದ ಕಾಣುವ ನಾರ್ತ್ ಬೇ ಅದು. ಊರಿನ ಕಡಲ ದಂಡೆಯಿಂದಲೂ ದೀಪಸ್ತಂಭ ಕಾಣುತ್ತದೆ. "ಸಮುದ್ರ ಕಾಣಬೇಕು ಅಂದೆಯಲ್ಲ, ಇಪ್ಪತ್ತು ರೂಪಾಯಿಗೆ ಕಾಣಿಸಿದೆ ನೋಡು" ಎಂದರು.

ಶಹೀದ್ ದ್ವೀಪಕ್ಕೆ ಒಂದು ರಾತ್ರಿ, ಸ್ವರಾಜ್ ದ್ವೀಪಕ್ಕೆ ಮೂರು ಎಂದು ನಾವು ಲೆಕ್ಕ ಹಾಕಿದ್ದೆವು. 2018ರ ತನಕ ಇವು ನೀಲ್ ಮತ್ತು ಹ್ಯಾವ್‌ಲಾಕ್. 1857ರ ದಂಗೆಯನ್ನು ಹತ್ತಿಕ್ಕಿದ ಇಬ್ಬರು ಬ್ರಿಟಿಷ್ ಸೇನಾಧಿಕಾರಿಗಳ ಹೆಸರು ಇಷ್ಟು ವರ್ಷ ಉಳಿದಿದ್ದೇ ಆಶ್ಚರ್ಯ. ಊರುಗಳ ಹೆಸರು ಮಾತ್ರ ಬೇರೆಯದೇ ಕಥೆ ಹೇಳುತ್ತವೆ. ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಇಲ್ಲಿ ಕಾಡು ಕಡಿದು ಜಮೀನು ಕೊಟ್ಟಿತು. ನೀಲ್‌ನಲ್ಲಿ ರಾಮಾಯಣ ಹಂಚಿಹೋಗಿದೆ: ಭರತಪುರ, ಲಕ್ಷ್ಮಣಪುರ, ಸೀತಾಪುರ, ರಾಮನಗರ. ಹ್ಯಾವ್‌ಲಾಕ್‌ನಲ್ಲಿ ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ಹೋಟೆಲ್ ಹುಡುಕುವಾಗ ನಕ್ಷೆಯಲ್ಲಿ ಈ ಹೆಸರುಗಳನ್ನು ದಿಕ್ಕುಗಳಾಗಿ ಓದಿಕೊಳ್ಳಬೇಕು. ಸೀತಾಪುರ ಎಂದರೆ ಸೂರ್ಯೋದಯ, ಲಕ್ಷ್ಮಣಪುರ ಎಂದರೆ ಸೂರ್ಯಾಸ್ತ, ಭರತಪುರ ಎಂದರೆ ಜೆಟ್ಟಿ. ದ್ವೀಪ ಪುಟ್ಟದು, ಬಾಡಿಗೆ ಸ್ಕೂಟರ್ ಹತ್ತಿದರೆ ಒಂದು ತುದಿಯಿಂದ ಇನ್ನೊಂದಕ್ಕೆ ಹದಿನೈದು ನಿಮಿಷ. ಎಲ್ಲಿ ಉಳಿದರೂ ನಷ್ಟವಿಲ್ಲ. ಅಂಡಮಾನಿನ ತರಕಾರಿ ತೋಟ ಇದೇ ದ್ವೀಪ, ಆದ್ದರಿಂದ ಮೀನು ಮುಟ್ಟದ ನಮ್ಮವರು ಇಡೀ ಪ್ರವಾಸದಲ್ಲಿ ಹೊಟ್ಟೆ ತುಂಬ ಉಂಡದ್ದು ಇಲ್ಲೇ.

ಹ್ಯಾವ್‌ಲಾಕ್‌ನ ವಿಷಯ ಹಾಗಲ್ಲ. ಅಲ್ಲಿ ತಪ್ಪು ಬದಿ ಹಿಡಿದರೆ ತಪ್ಪೇ. ಬೀಚುಗಳಿಗೆ ಅಲ್ಲಿ ನಂಬರು. ಮೂರು, ಐದು ಎರಡೂ ಪೂರ್ವದ ಕಡೆ. ಏಳು, ಅಂದರೆ ರಾಧಾನಗರ, ಪಶ್ಚಿಮಕ್ಕೆ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಎಂದದ್ದು ಈ ಏಳನ್ನೇ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಬಂತು. ಅದರ ಪಕ್ಕ ಇರುವುದು ಬೆರಳೆಣಿಕೆಯ ವಸತಿ, ಹೆಚ್ಚಿನವು ದುಬಾರಿ. ಮಧ್ಯಮ ವರ್ಗದ ಜೋಡಿಗಳು ಸಾಲಾಗಿ ಇಳಿಯುವುದು ಮೂರು ಮತ್ತು ಐದನೇ ನಂಬರಿನ ದಂಡೆಗುಂಟ, ಜೆಟ್ಟಿ ಮತ್ತು ಬಜಾರಿಗೆ ಹತ್ತಿರವಾಗಿ. ನಾವೂ ಅಲ್ಲಿಯೇ, ಐದನೇ ನಂಬರಿನ ಒಂದು ಗುಡಿಸಲು ಹಿಡಿದೆವು. ಜಾಹೀರಾತಿನ ಚಿತ್ರದಲ್ಲಿ ಮೆಟ್ಟಿಲ ಕೆಳಗೇ ಹಸಿರು ನೀರು ತುಳುಕುತ್ತಿತ್ತು.

ಮಧ್ಯಾಹ್ನ ಬಾಗಿಲು ತೆರೆದರೆ ಸಮುದ್ರವೇ ಇಲ್ಲ! ಕೆಸರು ಮರಳು, ಸತ್ತ ಹವಳದ ಚೂರು, ಮಧ್ಯೆ ಓರೆಯಾಗಿ ಮಲಗಿದ ಒಂದು ಡುಂಗಿ ದೋಣಿ. ಕಡಲು ಎಲ್ಲೋ ಇನ್ನೂರು ಮುನ್ನೂರು ಮೀಟರ್ ಆಚೆ ಬಿಳಿ ಗೆರೆಯಾಗಿತ್ತು. "ನಿನ್ನ ಸಮುದ್ರ ರಜೆಯ ಮೇಲೆ ಹೋಗಿದೆ" ಎಂದರು ನಮ್ಮವರು. ಮ್ಯಾನೇಜರನಿಗೆ ದೂರಲು ಹೋದರೆ ಅವನು ನಗುತ್ತ ಗೋಡೆಯ ಮೇಲಿನ ಉಬ್ಬರ-ಇಳಿತದ ಪಟ್ಟಿ ತೋರಿಸಿದ. ಅದನ್ನು ಮೊದಲೇ ಓದಿಕೊಳ್ಳದ್ದು ನನ್ನ ತಪ್ಪು. ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ನನ್ನಂಥ ಬಯಲುಸೀಮೆಯವರಿಗೆ ಬೇಕು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ಪೂರ್ವದ ದಂಡೆ ತೀರ ಆಳವಿಲ್ಲದ್ದು, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಪೂರ್ತಿ ಬೆನ್ನು ತಿರುಗಿಸುತ್ತದೆ. ರಾಧಾನಗರದಲ್ಲಿ ಹೊತ್ತು ಯಾವುದಾದರೂ ಇಳಿಯಲು ನೀರು ಇರುತ್ತದೆ. ಅಂದರೆ ಈಜುವ ಆಸೆಯಿದ್ದರೆ ಖರ್ಚು ಮಾಡಿ ಏಳು; ಬೆಳಗಿನ ಬೆಳಕು, ಹೋಟೆಲು, ಡೈವಿಂಗ್ ಶಾಲೆ, ಜೆಟ್ಟಿ ಹತ್ತಿರ ಬೇಕಿದ್ದರೆ ಮೂರು ಅಥವಾ ಐದು. ಐದರಲ್ಲಿ ಉಳಿದು ಏಳಕ್ಕೆ ಸೂರ್ಯಾಸ್ತಕ್ಕೆ ಹೋಗುವವರು ಹಿಂತಿರುಗುವ ದಾರಿ ಕತ್ತಲೆಯ ಕಾಡುರಸ್ತೆ ಎಂಬುದನ್ನು ನೆನಪಿಡಬೇಕು. ಮರಳುನೊಣದ ಕಡಿತವೂ ಒಂದಿದೆ, ಕೆರೆದರೆ ವಾರ ಬಿಡುವುದಿಲ್ಲ. ಬೀಚಿನ ಮೇಲೆಯೇ ಇರುವ ಗುಡಿಸಲಿನ ಜೊತೆ ಅದೂ ಉಚಿತ.

ಮೂರು ರಾತ್ರಿಯ ಕೊನೆಗೆ ನಾನು ಪಟ್ಟಿ ಓದುವುದನ್ನು ಕಲಿತಿದ್ದೆ. ನೀರು ಮೆಟ್ಟಿಲಿಗೆ ಬರುವ ಹೊತ್ತು ಲೆಕ್ಕ ಹಾಕಿ ನಸುಕಿನಲ್ಲಿ ಎದ್ದು ಕೂತೆ. ಚಿತ್ರದಲ್ಲಿದ್ದ ಹಸಿರು ನೀರು ಸುಳ್ಳೇನೂ ಆಗಿರಲಿಲ್ಲ.

ಪ್ರವಾಸಿ ಜೋಡಿಗಳ ಬಹುಪಾಲು ಇಲ್ಲಿಗೇ ಮುಗಿಸಿ ವಿಮಾನ ಹತ್ತುತ್ತಾರೆ. ನಾವು ಪೋರ್ಟ್ ಬ್ಲೇರಿಗೆ ಮರಳಿ ಟ್ಯಾಕ್ಸಿ ಮಾಡಿ ಉತ್ತರಕ್ಕೆ ಹೊರಟೆವು, ಡಿಗ್ಲಿಪುರದವರೆಗೆ. ಅಂಡಮಾನ್ ಟ್ರಂಕ್ ರೋಡ್ ಸುಮಾರು ಮುನ್ನೂರು ಚಿಲ್ಲರೆ ಕಿಲೋಮೀಟರ್. ದಕ್ಷಿಣ ಅಂಡಮಾನ್, ಬಾರಾಟಾಂಗ್, ಮಧ್ಯ ಅಂಡಮಾನ್, ಉತ್ತರ ಅಂಡಮಾನ್, ಹೀಗೆ ನಾಲ್ಕು ದ್ವೀಪಗಳನ್ನು ಪೋಣಿಸುವ ದಾರಿ. ಮೊದಲ ಕೊಂಡಿ ಜಿರ್ಕಾಟಾಂಗಿನ ಗೇಟು. ಅಲ್ಲಿಂದ ಮುಂದೆ ಸುಮಾರು ಐವತ್ತು ಕಿಲೋಮೀಟರ್ ಜಾರವಾ ಜನರ ಮೀಸಲು ಪ್ರದೇಶ. ದಿನಕ್ಕೆ ಕೆಲವೇ ಹೊತ್ತಿನಲ್ಲಿ, ಪೊಲೀಸ್ ಬೆಂಗಾವಲಿನಲ್ಲಿ, ವಾಹನಗಳನ್ನು ಸಾಲಾಗಿ ಬಿಡುತ್ತಾರೆ. ಬೆಳಗಿನ ಆರರ ಕಾನ್ವಾಯ್ ಸಿಗಬೇಕಾದರೆ ಪೋರ್ಟ್ ಬ್ಲೇರಿನಿಂದ ನಾಲ್ಕಕ್ಕೇ ಹೊರಡಬೇಕು. ಇದಕ್ಕೆ ಹಿಂದಿನ ರಾತ್ರಿ ಒಳ್ಳೆಯ ಹೋಟೆಲಿಗೆ ಹಣ ಸುರಿಯುವುದು ಶುದ್ಧ ದಂಡ.

ಈ ದಾರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಜಾರವಾಗಳು ಕೆಲವೇ ನೂರು ಮಂದಿ. 1990ರ ದಶಕದ ಕೊನೆಯವರೆಗೆ ಹೊರಗಿನವರನ್ನು ಹತ್ತಿರ ಬಿಟ್ಟವರಲ್ಲ. ಬಿಟ್ಟ ಮೇಲೆ 1999ರಲ್ಲಿ ದಡಾರ ಹಬ್ಬಿತು. ಮೀಸಲು ಪ್ರದೇಶದ ರಸ್ತೆ ಮುಚ್ಚಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು, ರಸ್ತೆ ಮುಚ್ಚಲಿಲ್ಲ. 2012ರಲ್ಲಿ ಅವರನ್ನು ಪ್ರವಾಸಿಗರ ಎದುರು ಕುಣಿಸಿದ ವಿಡಿಯೊ ಹೊರಬಂದು ಜಗತ್ತೆಲ್ಲ ಛೀಮಾರಿ ಹಾಕಿತು. ಈಗ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಆದರೂ ನಮ್ಮ ಹಿಂದಿನ ಗಾಡಿಯವರು ಗೇಟಿನ ಬಳಿ ಚಹಾ ಕುಡಿಯುತ್ತ "ಕಾಣಿಸ್ತಾರಾ?" ಎಂದು ಕೇಳುತ್ತಲೇ ಇದ್ದರು, ಹುಲಿ ಕಾಣಿಸುತ್ತದಾ ಎಂದು ನಾಗರಹೊಳೆಯಲ್ಲಿ ಕೇಳುವ ಹಾಗೆ. ಬಾರಾಟಾಂಗಿನ ಸುಣ್ಣದ ಕಲ್ಲಿನ ಗುಹೆ ನೋಡಿ ಅದೇ ದಿನ ಮರಳುವ ಪ್ಯಾಕೇಜುಗಳು ಒಂದೇ ದಿನ ಎರಡು ಸಲ ಈ ಕಾಡು ಸೀಳುತ್ತವೆ. ಹೋಗಲೇಬೇಕೆಂದರೆ ಒಂದೇ ಸಲ ದಾಟಿ ಉತ್ತರದಲ್ಲಿ ರಾತ್ರಿಗಳನ್ನು ಕಳೆದು, ಹಡಗಿನಲ್ಲಿ ಹಿಂತಿರುಗಿ ಎನ್ನುತ್ತೇನೆ. ನಾವು ಹಾಗೇ ಮಾಡಿದೆವು. ಒಂದು ಸಲ ದಾಟಿದ್ದಕ್ಕೂ ನನಗೆ ಪೂರ್ತಿ ಸಮಾಧಾನವಿಲ್ಲ.

ಕಾಡು ಮುಗಿದು ಬಾರಾಟಾಂಗಿಗೆ ದಾಟುವ ಮಿಡ್ಲ್ ಸ್ಟ್ರೇಟ್‌ನಲ್ಲಿ ಟ್ಯಾಕ್ಸಿ, ಬಸ್ಸು, ಲಾರಿ, ಜನ ಎಲ್ಲ ಒಂದೇ ವೆಹಿಕಲ್ ಫೆರಿಯ ಮೇಲೆ. ಎರಡೂ ಬದಿ ಕಾಂಡ್ಲಾ ಕಾಡು, ಮೊಸಳೆಯ ಎಚ್ಚರಿಕೆ ಫಲಕ. ಗುಹೆಗೆ ಹೋಗಿಬಂದ ಮೇಲೆ ಬಾರಾಟಾಂಗಿನಲ್ಲಿ ಉಳಿಯಲು ಹೆಚ್ಚೇನಿಲ್ಲ, ಮುಂದೆ ರಂಗತ್‌ಗೆ ಹೋಗಿ ಮಲಗುವುದೇ ಜಾಣತನ. ಊರೊಳಗಿನ ಲಾಡ್ಜುಗಳು ಬಸ್ ಸ್ಟ್ಯಾಂಡಿನ ಗದ್ದಲದಲ್ಲಿವೆ. ಅಮ್ಕುಂಜ್, ಕತ್ಬರ್ಟ್ ಬೇ ಕಡೆ ಹೋದರೆ ದಂಡೆಗೆ ದಂಡೆ, ನೆಮ್ಮದಿಗೆ ನೆಮ್ಮದಿ. ಪ್ರವಾಸೋದ್ಯಮ ಇಲಾಖೆ ಈ ಭಾಗದ ತನ್ನ ಅತಿಥಿಗೃಹಗಳಿಗೆ ಆಮೆ, ಹಕ್ಕಿಗಳ ಹೆಸರಿಟ್ಟಿದೆ. ಕೋಣೆ ದೊಡ್ಡದು, ಗೀಸರಿನ ಭರವಸೆ ಸಣ್ಣದು. ಆ ಹೊತ್ತಿಗೆ ನಮ್ಮವರು ಬಿಸಿನೀರಿನ ಪ್ರಸ್ತಾಪವನ್ನೇ ಬಿಟ್ಟಿದ್ದರು. ಬಕೆಟ್ಟಿನ ತಣ್ಣೀರು ಅಲ್ಲಿ ಹೇಗೂ ಉಗುರುಬೆಚ್ಚಗಿರುತ್ತದೆ.

ಮಾಯಾಬಂದರ್ ಹತ್ತಿರ ಮಧ್ಯ ಅಂಡಮಾನನ್ನು ಉತ್ತರಕ್ಕೆ ಸೇರಿಸುವ ಆಸ್ಟಿನ್ ಜಲಸಂಧಿಯ ಸೇತುವೆ. ಹೆಸರು ಓದಿ ಗಾಡಿ ನಿಲ್ಲಿಸಿದೆವು: ಚೆಂಗಪ್ಪ ಸೇತುವೆ. ಕೊಡಗಿನ ಹೆಸರು, ಬಂಗಾಳ ಕೊಲ್ಲಿಯ ನಡುವೆ! ಕಡಿದ ಅಂಡಮಾನ್ ಕಾಡು ಮತ್ತೆ ಹುಟ್ಟುವ ಬಗೆಯನ್ನು 1930-40ರ ದಶಕಗಳಲ್ಲಿ ಅಧ್ಯಯನ ಮಾಡಿ ಬರೆದ ಬಿ. ಎಸ್. ಚೆಂಗಪ್ಪ ಎಂಬ ಅರಣ್ಯಾಧಿಕಾರಿಯ ಹೆಸರು ಅರಣ್ಯಶಾಸ್ತ್ರದ ಬರಹಗಳಲ್ಲಿ ಈಗಲೂ ಬರುತ್ತದೆ. ನಮ್ಮ ಟ್ಯಾಕ್ಸಿಯ ಹುಡುಗ ರಾಂಚಿ ಮೂಲದವನು, ಅವನ ಮುತ್ತಜ್ಜ ಅರಣ್ಯ ಇಲಾಖೆಯ ಕೂಲಿಗೆ ಬಂದವನಂತೆ. ಚೆಂಗಪ್ಪ ಎಂದರೆ ನಮ್ಮ ಕಡೆಯ ಹೆಸರು ಎಂದಾಗ ಅವನು ನಂಬಲಿಲ್ಲ. ಅದು ಸೇತುವೆಯ ಹೆಸರು ಎಂದ.

ಡಿಗ್ಲಿಪುರದಲ್ಲಿ ಬಜಾರು ಬೇಕೋ ಕಾಲಿಪುರ ಬೇಕೋ ಎಂಬ ಪ್ರಶ್ನೆ ಬಂದಾಗ ಕಾಲಿಪುರ ಎನ್ನಿ. ಹದಿನೆಂಟು ಕಿಲೋಮೀಟರ್ ಮುಂದೆ. ಆದರೆ ಮರುದಿನದ ಎರಡೂ ಕೆಲಸಕ್ಕೆ ಹತ್ತಿರ. ಒಂದು, 732 ಮೀಟರ್ ಎತ್ತರದ ಸ್ಯಾಡಲ್ ಪೀಕ್, ಅಂಡಮಾನಿನ ಅತಿ ಎತ್ತರದ ಬೆಟ್ಟ. ಇನ್ನೊಂದು, ಏರಿಯಲ್ ಬೇ ಜೆಟ್ಟಿಯಿಂದ ಬೋಟಿನಲ್ಲಿ ಹೋಗುವ ರಾಸ್ ಮತ್ತು ಸ್ಮಿತ್. ಇಳಿತದಲ್ಲಿ ಎರಡು ದ್ವೀಪಗಳ ನಡುವೆ ಮರಳಿನ ದಾರಿ ಮೇಲೇಳುತ್ತದೆ, ಉಬ್ಬರದಲ್ಲಿ ಮುಳುಗುತ್ತದೆ. ಅಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ, ಬಿಡಲೂ ಬಾರದು. ಹ್ಯಾವ್‌ಲಾಕ್‌ನಲ್ಲಿ ಪಟ್ಟಿ ಓದಲು ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು. ನಾವು ಇಳಿದಾಗ ಮರಳು ಆಗಷ್ಟೇ ಒದ್ದೆ ಬೆನ್ನು ತೋರಿಸುತ್ತಿತ್ತು.

ಕಾಲಿಪುರದ ಮರಳು ಬೂದು ಬಣ್ಣದ್ದು, ಚಿತ್ರಕ್ಕೆ ಚಂದವಿಲ್ಲ. ಅದಕ್ಕೇ ಜನವಿಲ್ಲ. ಅಂಡಮಾನಿಗೆ ಬರುವ ನಾಲ್ಕೂ ಜಾತಿಯ ಕಡಲಾಮೆಗಳು ಮೊಟ್ಟೆಯಿಡುವ ದಂಡೆ ಅದು, ಡಿಸೆಂಬರಿನಿಂದ ಫೆಬ್ರುವರಿ ಅದರ ಕಾಲ. ನಮ್ಮ ಕೋಣೆಗೆ ಸಮುದ್ರ ಕಾಣುವ ಕಿಟಕಿ ಇರಲಿಲ್ಲ, ಗೀಸರೂ ಇರಲಿಲ್ಲ. ದಂಡೆಗೆ ಐದು ನಿಮಿಷದ ನಡಿಗೆ, ಅಷ್ಟೇ. ಊಟ ಬಡಿಸುವ ಹುಡುಗನಿಗೆ ಹೇಳಿಟ್ಟಿದ್ದೆವು. ರಾತ್ರಿ ಒಂದೂವರೆಗೆ ಬಾಗಿಲು ಬಡಿದ. "ಆ ಗಯಾ, ದೀದಿ." ಟಾರ್ಚ್ ಹಾಕದೆ, ಮಾತಾಡದೆ, ಅರಣ್ಯ ಕಾವಲುಗಾರನ ಹಿಂದೆ ಬರಿಗಾಲಲ್ಲಿ ಹೋದೆವು. ಮರಳಿನಲ್ಲಿ ಟ್ರ್ಯಾಕ್ಟರ್ ಹಾದ ಹಾಗೆ ಗುರುತು, ಅದರ ತುದಿಯಲ್ಲಿ ನಿಟ್ಟುಸಿರಿಡುತ್ತ ಮರಳು ಎರಚುವ ಒಂದು ಕಪ್ಪು ದಿಬ್ಬ.

ಮರುದಿನ ಸಂಜೆ ಏರಿಯಲ್ ಬೇಯಿಂದ ಸರ್ಕಾರಿ ಹಡಗು. ವಾರದಲ್ಲಿ ಕೆಲವೇ ದಿನ ಇರುವ ಅದು ರಾತ್ರಿಯಿಡೀ ಸಾಗಿ ಬೆಳಿಗ್ಗೆ ಪೋರ್ಟ್ ಬ್ಲೇರ್ ಮುಟ್ಟುತ್ತದೆ. ಗಾಳಿ ಎದ್ದರೆ ಹೊರಡುವುದಿಲ್ಲ. ಆದ್ದರಿಂದ ವಿಮಾನದ ಹಿಂದಿನ ರಾತ್ರಿಯನ್ನು ಪೋರ್ಟ್ ಬ್ಲೇರಿಗೆ ಎಂದು ಖಾಲಿ ಇಟ್ಟುಕೊಂಡೇ ಟಿಕೆಟ್ ಮಾಡಬೇಕು. ನಮಗೆ ಸಿಕ್ಕಿದ್ದು ಒಂದರ ಮೇಲೊಂದು ಎರಡು ಬಂಕ್. ಮೇಲಿನದಕ್ಕೆ ಒಂದು ದುಂಡು ಕಿಟಕಿ ಇತ್ತು, ಉಪ್ಪು ಹಿಡಿದು ಮಂಜಾಗಿತ್ತು. "ಸಮುದ್ರ ಕಾಣುವ ಕೋಣೆ" ಎಂದು ನಮ್ಮವರು ಅದನ್ನು ನನಗೆ ಬಿಟ್ಟುಕೊಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲು ಹುಡುಕುತ್ತ ಹೋದರು.