ಹಾಸನದ ಗಾಳಿಯ ಸಾಕ್ಷ್ಯ

ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ನಡುವೆ ಪ್ರತಿದಿನ ಓಡಾಡುವ ಪೆಟ್ರೋಲ್ ಕಾರೊಂದು, ದಾರಿಯೂ ಅದೇ, ಹೊರೆಯೂ ಅಷ್ಟೇ, ಟೈರಿನ ಗಾಳಿಯೂ ಸರಿಯಾಗಿಯೇ ಇರುತ್ತ, ಲೀಟರಿಗೆ 18 ಕಿಲೋಮೀಟರಿನಂತೆ ಕೊಡುತ್ತಿದ್ದ ಮೈಲೇಜನ್ನು ಕ್ರಮೇಣ 14ಕ್ಕೆ ಇಳಿಸಿಕೊಂಡಿತೆನ್ನಿ. ಒಡೆಯನು ಮೊದಲು ಶಂಕಿಸುವುದು ಪೆಟ್ರೋಲ್ ಬಂಕನ್ನು. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಈಗ ಎಲ್ಲೆಡೆ ಬಂದಿರುವುದರಿಂದ ಆ ಶಂಕೆ ತೀರ ನಿರಾಧಾರವಲ್ಲ. ಆದರೆ ಎಥನಾಲಿನ ಶಾಖಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಮೆಯೆಂದು ಲೆಕ್ಕ ಹಿಡಿದರೂ ಮಿಶ್ರಣದಿಂದಾಗುವ ನಷ್ಟ ಶೇಕಡಾ 6–7ರಷ್ಟು ಮಾತ್ರ. ಮಿಕ್ಕ ಪೆಟ್ರೋಲಿನ ಲೆಕ್ಕವನ್ನು ಇಂಜಿನ್ನಿನ ಸೆನ್ಸರುಗಳನ್ನೇ ಕೇಳಬೇಕು.

ಒಂದು ಪಾಲು ತೂಕದ ಪೆಟ್ರೋಲಿಗೆ 14.7 ಪಾಲು ತೂಕದ ಗಾಳಿ ಕೂಡಿದಾಗ ದಹನಕ್ರಿಯೆ ಪರಿಪೂರ್ಣವಾಗುವುದು. ಆ ಅನುಪಾತವನ್ನು ಕಾಯುವ ಇಸಿಯು ಎಂಬ ಗಣಕವು ಸೆನ್ಸರುಗಳ ನುಡಿಯನ್ನೇ ಪ್ರಮಾಣವೆಂದು ನಂಬಿ, ಇಂಜೆಕ್ಟರು ಎಷ್ಟು ಮಿಲಿಸೆಕೆಂಡು ತೆರೆದಿರಬೇಕೆಂಬುದನ್ನು ನಿರ್ಣಯಿಸುತ್ತದೆ. ವೈರು ತುಂಡಾಗಿ ಸೆನ್ಸರು ಮೂಕವಾದರೆ ಡ್ಯಾಷ್‌ಬೋರ್ಡಿನ ದೀಪ ಹತ್ತಿ ಗುಟ್ಟು ರಟ್ಟಾಗುತ್ತದೆ. ನಂಬುವಂತಹ ಸುಳ್ಳನ್ನೇ ಹೇಳತೊಡಗಿದರೆ ದೀಪವೂ ಹತ್ತದು, ಕಾರೂ ನಿಲ್ಲದು, ಪೆಟ್ರೋಲು ಮಾತ್ರ ವ್ಯಯವಾಗುತ್ತಿರುತ್ತದೆ.

ಆದುದರಿಂದ ನಮಗೆ ಮೊದಲೇ ತಿಳಿದ ಸಂಗತಿಯೊಂದನ್ನು ಸೆನ್ಸರಿನ ಬಾಯಿಂದ ಹೇಳಿಸಿ ನೋಡುವುದು ಉತ್ತಮ ಮಾರ್ಗ. ಅರಕಲಗೂಡಿನ ಮಾಗಿಯ ಚಳಿಯಲ್ಲಿ ಇರುಳೆಲ್ಲ ನಿಂತ ಕಾರಿನ ಕೀಲಿಯನ್ನು ಬೆಳಗ್ಗೆ ತಿರುಗಿಸಿ, ಇಂಜಿನ್ ಚಾಲೂ ಮಾಡದೆ, ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರನ್ನು ಸಿಕ್ಕಿಸಿದರೆ, ಒಳಬರುವ ಗಾಳಿಯ ಉಷ್ಣತೆಯೂ ಕೂಲೆಂಟಿನ ಉಷ್ಣತೆಯೂ ಹೆಚ್ಚುಕಡಮೆ ಒಂದೇ ಇರಬೇಕು. ಗಾಳಿ 16 ಡಿಗ್ರಿಯೆನ್ನುವಾಗ ಕೂಲೆಂಟು ಶೂನ್ಯವೆಂದರೆ ಆ ಸೆನ್ಸರು ಚಳಿಯ ಸೋಗು ಹಾಕುತ್ತಿದೆ; ಇಸಿಯು ಅದನ್ನು ನಂಬಿ, ಬಿಸಿಯೇರಿದ ಇಂಜಿನ್ನಿಗೂ ತಣ್ಣನೆಯದಕ್ಕೆ ಸಲ್ಲುವ ಹೆಚ್ಚುವರಿ ಪೆಟ್ರೋಲನ್ನು ಉಣಿಸುತ್ತದೆ.

ಗಾಳಿಯ ಒತ್ತಡವನ್ನಳೆಯುವ ಮ್ಯಾಪ್ ಸೆನ್ಸರಿನ ಪರೀಕ್ಷೆಯಂತೂ ಹಾಸನದವರಿಗೆಂದೇ ಒದಗಿದಂತಿದೆ. ಇಂಜಿನ್ ಓಡದಿರುವಾಗ ಅದು ಊರಿನ ವಾಯುಭಾರವನ್ನೇ ತೋರಿಸಬೇಕಷ್ಟೆ. ಶಿರಾಡಿ ಘಾಟಿಯಿಳಿದು ಸೇರುವ ಮಂಗಳೂರಿನಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್. ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಎತ್ತರದ ಹಾಸನದಲ್ಲಿ ಸುಮಾರು 90. ಇಲ್ಲಿಯೂ ಸ್ಕ್ಯಾನರು 101 ಎಂದರೆ, ಕರಾವಳಿಯಲ್ಲಿ ಕಸುಬು ಕಲಿತ ಮೆಕ್ಯಾನಿಕ್ ಪ್ರಾಯಶಃ ತೃಪ್ತನಾಗಿ ತಲೆದೂಗಿಯಾನು; ವಾಸ್ತವದಲ್ಲಿ ಅದು ಇಲ್ಲದ ಗಾಳಿಯನ್ನು ಇದೆಯೆಂದು ಸಾಧಿಸಿ, ಅದಕ್ಕೆ ತಕ್ಕ ಪೆಟ್ರೋಲನ್ನು ದಕ್ಕಿಸಿಕೊಳ್ಳುತ್ತಿರುತ್ತದೆ.

1976ರಲ್ಲಿ ವೋಲ್ವೋ ಕಾರಿನೊಡನೆ ಬಂದ ಆಮ್ಲಜನಕದ ಸೆನ್ಸರಿನ ಮೇಲೆ ದೋಷ ಹೊರಿಸುವುದು ಎಲ್ಲರಿಗೂ ಸುಲಭ. ಕಾದ ಸೆನ್ಸರಿನ ವೋಲ್ಟೇಜು 0.1ಕ್ಕೂ 0.9ಕ್ಕೂ ನಡುವೆ ಚುರುಕಾಗಿ ಏರಿಳಿಯಬೇಕು. ಮಂದಗತಿಯಾದರೆ ಮುಪ್ಪೆಂದು ತಿಳಿಯಬಹುದು. ಆದರೆ ಸೈಲೆನ್ಸರ್ ಪೈಪಿನ ಬೆಸುಗೆ ಸೆನ್ಸರಿಗಿಂತ ಮುಂಚೆಯೇ ಬಿರಿದಿದ್ದರೆ, ಹೊರಗಾಳಿ ಒಳಸೇರಿ, ನಿರಪರಾಧಿಯಾದ ಸೆನ್ಸರು ತಾನು ಕಂಡ ಆಮ್ಲಜನಕವನ್ನು ಪ್ರಾಮಾಣಿಕವಾಗಿಯೇ ವರದಿಮಾಡುತ್ತದೆ. ಪೆಟ್ರೋಲು ಸಾಲದೆಂದು ಇಸಿಯು ಇನ್ನಷ್ಟು ಸುರಿಯುತ್ತದೆ. ಸಾವಿರಾರು ರೂಪಾಯಿಯ ಹೊಸ ಸೆನ್ಸರು ಬಂದು ಕುಳಿತರೂ ವರದಿ ಬದಲಾಗದು. ಬಿಡಿಭಾಗ ಕೊಳ್ಳುವ ಮುನ್ನ ಪೈಪಿನ ಜಾಯಿಂಟುಗಳ ಸುತ್ತ ಮಸಿ ಹಿಡಿದಿದೆಯೇ, ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಕಟ್ಟಿದೆಯೇ ಎಂದು ಟಾರ್ಚು ಹಿಡಿದು ನೋಡುವುದಕ್ಕೆ ಖರ್ಚೇನೂ ಇಲ್ಲ.