ಮುಂದಿನ ಎಡ ಟೈರು ಸರಿಯಾಗೇ ಇತ್ತು

ಸೌಕಾರ್‌ಪೇಟೆಯಲ್ಲಿ ಸಿಗದ್ದೇ ಇಲ್ಲ ಅನ್ನುವುದು ಮದರಾಸಿನ ನಮ್ಮ ಕನ್ನಡದವರ ನಂಬಿಕೆ. ಸೀರೆ, ಪಾತ್ರೆ, ಮಿಂಟ್ ಸ್ಟ್ರೀಟಿನ ಜಿಲೇಬಿ, ಎಲ್ಲ ಸರಿ. ನನಗೆ ಕಳೆದ ಬೇಸಿಗೆಯಲ್ಲಿ ಬೇಕಾಗಿದ್ದು ಲಾರಿಯ ಟೈರ್ ಪ್ರೆಶರ್ ಮಾನಿಟರ್ ಸರಿಮಾಡುವವರು.

ನಮ್ಮದು ಇಲ್ಲೊಂದು ಸಣ್ಣ ಬುಕಿಂಗ್ ಆಫೀಸು, ಒಂದೇ ಒಂದು ಆರು ಚಕ್ರದ ಲಾರಿ. ಈ ಗಲ್ಲಿಗಳಿಗೆ ಅದು ಬರುವಂತಿಲ್ಲ. ಬಟ್ಟೆ ಗಂಟುಗಳು ಮೀನ್‌ಬಾಡಿ ವಂಡಿಯಲ್ಲಿ ಹೊರಗೆ ಹೋಗಿ ಲೋಡಾಗುತ್ತವೆ. ರಾತ್ರಿ ಹೊರಟರೆ ವೆಲ್ಲೂರು, ಕೃಷ್ಣಗಿರಿ ದಾಟಿ ಬೆಂಗಳೂರು. ಹಿರಿಯೂರಿನ ಕಡೆಯ ನಮ್ಮ ಡ್ರೈವರ್ ನನ್ನನ್ನು ‘ಸಾವ್ಕಾರ್ರೆ’ ಅನ್ನುತ್ತಾರೆ. ಒಂದು ಲಾರಿಯ ಸಾಹುಕಾರ, ಇರಲಿ.

ಟೈರುಗಳನ್ನು ಹಿಂದೆ ಮುಂದೆ ಬದಲಿಸಿದ ಮೇಲೆ ಶುರುವಾಯಿತು ರಗಳೆ. ಡ್ಯಾಶ್‌ಬೋರ್ಡಿನ ಸ್ಕ್ರೀನು ‘ಮುಂದೆ, ಎಡ’ ಅಂತ ತೋರಿಸಿ ಕೀಂ ಕೀಂ ಅನ್ನುತ್ತಿತ್ತು. ಡ್ರೈವರ್ ಇಳಿದು ಗೇಜ್ ಹಿಡಿದರೆ 115 ಪಿಎಸ್‌ಐ. ನಮ್ಮ ಲಾರಿಗೆ ಬೇಕಾದಷ್ಟೇ. ಮೂರನೇ ಟ್ರಿಪ್ಪಿಗೆ ವೈರನ್ನೇ ಕಿತ್ತರು. “ಸುಳ್ಳು ಹೇಳೋ ಮಿಷಿನ್ ಯಾಕ್ ಸಾವ್ಕಾರ್ರೆ?”

ವಾಲ್‌ಟ್ಯಾಕ್ಸ್ ರಸ್ತೆಯ ಪಂಚರ್ ಅಂಗಡಿಯಲ್ಲಿ “ಎಂಗಳಾಲ ಮುಡಿಯಾದು ಸಾರ್” ಅಂದರು. ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ ನಾನು ವಿಚಾರಿಸಿದ ಕಡೆಯೆಲ್ಲ ಕಾರಿನ ಲೆಕ್ಕ, 30-35 ಪಿಎಸ್‌ಐ ಮಾತು. ಇನ್ನೊಬ್ಬರು ಇಡೀ ಸೆಟ್ಟೇ ಬದಲಿಸಿ ಅಂದುಬಿಟ್ಟರು. ಕೊನೆಗೆ ಸಿಕ್ಕಿದ್ದು ಮಾಧವರಂ ಲಾರಿ ನಿಲ್ದಾಣದ ಹತ್ತಿರದ ಸಣ್ಣ ಟೈರ್ ಅಂಗಡಿ.

ಅಲ್ಲಿಯ ಹುಡುಗ ವೈರು ಸಿಕ್ಕಿಸಿ, ಮೊದಲು ಮುಂದಿನ ಎಡ ಟೈರಿನಿಂದ ಸ್ವಲ್ಪ ಗಾಳಿ ಬಿಟ್ಟ. ಸ್ಕ್ರೀನಿನಲ್ಲಿ ಇಳಿದದ್ದು ಹಿಂದಿನ ಎಡಗಡೆ ಒಳ ಟೈರಿನ ಅಂಕಿ! ಕೂಡಲೇ ನಮ್ಮ ಡ್ರೈವರ್ ಗೇಜ್ ಹಿಡಿದು ಲಾರಿಯ ಕೆಳಗೆ ತೂರಿದರು. ಒಳ ಟೈರು: 72.

ಸೆನ್ಸರುಗಳು ರಿಮ್ಮಿನ ಒಳಗಿರುತ್ತವೆ. ಚಕ್ರ ಹಿಂದಕ್ಕೆ ಹೋದಾಗ ಸೆನ್ಸರೂ ಹೋಗಿದೆ. ಸ್ಕ್ರೀನಿಗೆ ಅದನ್ನು ಯಾರೂ ಹೇಳಿಲ್ಲ. ಸುಳ್ಳಾಗಿದ್ದು ಜಾಗ ಮಾತ್ರ, ಗಾಳಿ ಕಮ್ಮಿ ಅನ್ನುವುದು ನಿಜವೇ. ಜೋಡಿ ಟೈರಿನಲ್ಲಿ ಒಳಗಿನದು ಸೊರಗಿದರೆ ಹೊರಗಿನದು ಭಾರ ಹೊತ್ತು ನಿಲ್ಲುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇರಬೇಕಾದ ಒತ್ತಡಕ್ಕಿಂತ ಶೇ 20ರಷ್ಟು ಇಳಿದ ಟೈರನ್ನು ಪಂಚರ್ ಅಂತಲೇ ಎಣಿಸಬೇಕು. ನಮಗೆ ಆ ಗೆರೆ 92. ಹಾಗೇ ಓಡಿಸಿದರೆ ಪಕ್ಕದ ಗೋಡೆ ಮಡಚಿ ಮಡಚಿ ಕಾಯುತ್ತದೆ, ಆಮೇಲೆ ಸಿಡಿಯುವುದು, ಕೆಲವೊಮ್ಮೆ ಬೆಂಕಿ. ನಮ್ಮ ಲಾರಿಯಲ್ಲಿದ್ದದ್ದು ಬಟ್ಟೆ ಗಂಟು. ಮೂರು ರಾತ್ರಿ.

ಟೈರು ಬಿಚ್ಚಿ ಮೊಳೆ ತೆಗೆದು, ಒಳಗೋಡೆ ಕೈಯಲ್ಲಿ ಸವರಿ ನೋಡಿ, ಅದು ಇನ್ನು ಬೇಡ ಅಂದ. ಸ್ಟೆಪ್ನಿ ಹಾಕಿ, ಆರೂ ಸೆನ್ಸರುಗಳಿಗೆ ಹೊಸ ಜಾಗ ಹೇಳಿಕೊಡಲು ಅವನಿಗೆ ಅರ್ಧ ಗಂಟೆ ಸಾಕಾಯಿತು. ಗಾಳಿ ತುಂಬಿದ್ದು ಮಾತ್ರ ಟೈರು ತಣ್ಣಗಾದ ಮೇಲೆ. ಹತ್ತು ಡಿಗ್ರಿ ಬಿಸಿ ಏರಿದರೆ ಲಾರಿ ಟೈರಿನಲ್ಲಿ ನಾಲ್ಕು ಪಿಎಸ್‌ಐ ತಾನಾಗೇ ಏರುತ್ತದೆ, ಬಿಸಿಯಲ್ಲಿ ಅಳೆದದ್ದು ಲೆಕ್ಕಕ್ಕಿಲ್ಲ.

ಡ್ರೈವರ್ ಅಷ್ಟು ಹೊತ್ತೂ ಮಾತಾಡಲಿಲ್ಲ. ರಾತ್ರಿ ಆಂಬೂರಿನಿಂದ ಫೋನು ಬಂತು. “ಸಾವ್ಕಾರ್ರೆ, ಸುಮ್ನಿದೆ. ಆದ್ರೂ ಇಳಿದು ಒಳಗಿಂದೂ ನೋಡ್ದೆ.”